ಒಂದೇ ಕಾಲಂನಲ್ಲಿ ಕಬ್ಬು, ಭತ್ತ, ರಾಗಿ: ಬಿಡಿಸುವುದು ಹೇಗೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಬೀಜ, ಗೊಬ್ಬರದ ಅಂಗಡಿ ಇದೆ. ರೈತರ ವಿವರಗಳು ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿವೆ. ಯಾರು ಏನು ಬೆಳೆಯುತ್ತಾರೆ ಎಂಬುದನ್ನು ಒಂದೇ ಕಾಲಂನಲ್ಲಿ ‘ಕಬ್ಬು,ಭತ್ತ,ರಾಗಿ’ ಎಂದು ಕಾಮಾ ಹಾಕಿ ಬರೆದಿದ್ದೇವೆ. ಹುಡುಕಲು, ಪದ ಎಲ್ಲಿ ಸೇರಿಕೊಂಡಿದ್ದರೂ ಹಿಡಿಯುವ ‘ಲೈಕ್’ ಬಳಸುತ್ತೇವೆ. ಬೆಳೆಗೊಂದು ಸಾಲಿನಂತೆ ಬಿಡಿಸುವುದು ಹೇಗೆ?

ಉತ್ತರ: ಮೊದಲು ಆ ‘ಲೈಕ್’ ನಿಲ್ಲಿಸಿ. ಹುರುಳಿ ಬೆಳೆಯುವವರನ್ನು ಹಾಗೆ ಹುಡುಕಿದರೆ ಹುರುಳಿಕಾಯಿ ಬೆಳೆಯುವವರೂ ಪಟ್ಟಿಗೆ ಬಂದು ಸೇರುತ್ತಾರೆ. ನಾಗಮಂಗಲದ ಕಡೆ ಮಳೆ ನಂಬಿ ಹುರುಳಿ ಚೆಲ್ಲುವವರಿಗೆ ಬೇಕಾದ ಬೀಜವೇ ಬೇರೆ, ತರಕಾರಿಗೆ ಹುರುಳಿಕಾಯಿ ಹಾಕುವವರಿಗೆ ಬೇಕಾದದ್ದೇ ಬೇರೆ. ಈ ಲೆಕ್ಕ ನಂಬಿ ದಾಸ್ತಾನು ತರಿಸಿದರೆ ನಷ್ಟ ನಿಮ್ಮದು.

ಬಿಡಿಸುವುದಕ್ಕೆಂದೇ 2016ರ ಆವೃತ್ತಿಯಿಂದ ‘ಸ್ಟ್ರಿಂಗ್_ಸ್ಪ್ಲಿಟ್’ ಎಂಬ ಫಂಕ್ಷನ್ ಇದೆ. ಆದೇಶದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ (‘ರೈ’ ರೈತರ ಟೇಬಲ್ಲಿಗೆ, ‘ತು’ ಬಿಡಿಸಿದ ತುಂಡುಗಳಿಗೆ ಇಟ್ಟ ಕಿರುಹೆಸರು):

ಸೆಲೆಕ್ಟ್ ರೈ.ಸಂಖ್ಯೆ, ಟ್ರಿಮ್(ತು.ವ್ಯಾಲ್ಯೂ)
ಫ್ರಮ್ ರೈತರು ರೈ
ಕ್ರಾಸ್ ಅಪ್ಲೈ ಸ್ಟ್ರಿಂಗ್_ಸ್ಪ್ಲಿಟ್(ರೈ.ಬೆಳೆಗಳು, ',') ತು

27ನೇ ಸಂಖ್ಯೆಯ ರೈತನ ಒಂದು ಸಾಲು ಈಗ ಮೂರಾಗುತ್ತದೆ: 27 ಕಬ್ಬು, 27 ಭತ್ತ, 27 ರಾಗಿ. ಫಂಕ್ಷನ್ ಇಲ್ಲವೆಂಬ ದೋಷ ಬಂದರೆ ಡೇಟಾಬೇಸಿನ ಕಂಪ್ಯಾಟಿಬಿಲಿಟಿ ಮಟ್ಟ, ಅಂದರೆ ಯಾವ ಆವೃತ್ತಿಯಂತೆ ನಡೆಯಬೇಕೆಂಬ ಸೆಟ್ಟಿಂಗ್, ನೋಡಿ. ಅದು 130 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಹಳೆಯ ಸರ್ವರ್‌ನಿಂದ ತಂದ ಡೇಟಾಬೇಸು ಹಳೆಯ ಮಟ್ಟದಲ್ಲೇ ಉಳಿದಿರುವುದುಂಟು.

ಹಿಂದುಮುಂದಿನ ಖಾಲಿ ಜಾಗ ಕತ್ತರಿಸುವ ಆ ‘ಟ್ರಿಮ್’ ಬಿಡಬೇಡಿ. ಕಾಮಾ ಆದ ಮೇಲೆ ಒಂದು ಜಾಗ ಬಿಟ್ಟು ಟೈಪ್ ಮಾಡುವುದು ಬೆರಳಿಗೆ ಅಂಟಿದ ಅಭ್ಯಾಸ. ಮುಂದೆ ಜಾಗವಿರುವ ‘ ರಾಗಿ’ ಸರ್ವರ್‌ಗೆ ಬೇರೆಯೇ ಬೆಳೆ. ಮೈಸೂರಿನ ಒಂದು ಗೋದಾಮಿನ ಪಟ್ಟಿಯಲ್ಲಿ ರಾಗಿ ಎರಡು ಸಾಲಾಗಿ ಬಂದು, ಎರಡೂ ಕಣ್ಣಿಗೆ ಒಂದೇ ತೆರನಾಗಿ ಕಂಡು, ಕಾರಣ ತಿಳಿಯದೆ ನಾನು ಅರ್ಧ ದಿನ ಕಳೆದಿದ್ದೇನೆ. ‘ಟ್ರಿಮ್’ ಬಂದದ್ದು 2017ರಲ್ಲಿ; 2016 ಇದ್ದರೆ ‘ಎಲ್‌ಟ್ರಿಮ್’, ‘ಆರ್‌ಟ್ರಿಮ್’ ಎರಡನ್ನೂ ಸೇರಿಸಿ. ಪಕ್ಕಪಕ್ಕದಲ್ಲಿ ಎರಡು ಕಾಮಾ ಬಿದ್ದಿದ್ದರೆ ಖಾಲಿ ತುಂಡೂ ಒಂದು ಸಾಲಾಗಿ ಬರುತ್ತದೆ, ‘ವೇರ್’ ಷರತ್ತು ಹಾಕಿ ತೆಗೆದುಬಿಡಿ.

ಮೊದಲು ಬರೆದದ್ದೇ ಮುಖ್ಯ ಬೆಳೆ ಎಂಬ ರೂಢಿ ನಿಮ್ಮಲ್ಲಿದೆಯೇ? ಹಾಗಿದ್ದರೆ ಎಚ್ಚರ. ತುಂಡುಗಳು ಬರೆದ ಕ್ರಮದಲ್ಲೇ ಬರುತ್ತವೆಂಬ ಭರವಸೆಯನ್ನು ಈ ಫಂಕ್ಷನ್ ಕೊಡುವುದಿಲ್ಲ. 2022ರ ಆವೃತ್ತಿಯಲ್ಲಿ ಮೂರನೆಯ ಮೌಲ್ಯವಾಗಿ 1 ಕೊಟ್ಟರೆ ‘ಆರ್ಡಿನಲ್’ ಎಂಬ ಕಾಲಂ ಕೂಡ ಸಿಗುತ್ತದೆ, ಕ್ರಮಸಂಖ್ಯೆ ಅದರಲ್ಲಿರುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್ ಬಳಸುವವರಿಗೆ ‘ಸ್ಟ್ರಿಂಗ್_ಟು_ಅರೇ’ ಮತ್ತು ‘ಅನ್‌ನೆಸ್ಟ್’ ಜೋಡಿ ಸಾಕು. ಮೈಎಸ್‌ಕ್ಯುಎಲ್‌ನಲ್ಲಿ ನೇರ ಫಂಕ್ಷನ್ ಇಲ್ಲ, 8.0ರಲ್ಲಿ ‘ಜೇಸನ್_ಟೇಬಲ್’ ಮೂಲಕ ಬಿಡಿಸಬಹುದು.

ಆದರೆ ಪ್ರತಿ ಸಲ ಬಿಡಿಸುತ್ತಾ ಕೂರಬೇಡಿ, ಇದು ನನ್ನ ಒತ್ತಾಯ. ಒಂದು ಗೂಡಿಗೆ ಒಂದೇ ಮೌಲ್ಯ ಎಂಬ ನಿಯಮವನ್ನು, ಟೇಬಲ್ ರೂಪದ ಡೇಟಾಬೇಸಿನ ಕಲ್ಪನೆ ಕೊಟ್ಟ ಎಡ್ಗರ್ ಕಾಡ್ 1970ರ ತಮ್ಮ ಪ್ರಬಂಧದಲ್ಲೇ ವಿವರಿಸಿದ್ದರು. ರೈತನ ಸಂಖ್ಯೆ, ಬೆಳೆ ಎಂಬ ಎರಡೇ ಕಾಲಂಗಳ ಹೊಸ ಟೇಬಲ್ ಮಾಡಿ, ಎರಡನ್ನೂ ಕೂಡಿಸಿ ಪ್ರೈಮರಿ ಕೀ (ಅದೇ ಜೋಡಿ ಮತ್ತೆ ಬರದಂತೆ ತಡೆಯುವ ಗುರುತು) ಎಂದು ಗೊತ್ತುಪಡಿಸಿ. ಬೆಳೆಯ ಕಾಲಂ, ಕನ್ನಡವೂ ಸೇರಿ ಎಲ್ಲ ಲಿಪಿ ಹಿಡಿಸುವ ‘ಎನ್‌ವಾರ್‌ಚಾರ್’ ಬಗೆಯದಾಗಿರಲಿ. ಬರಿಯ ‘ವಾರ್‌ಚಾರ್’ ಆದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕೂರುವುದುಂಟು. ಮೇಲಿನ ಆದೇಶಕ್ಕೆ ‘ಡಿಸ್ಟಿಂಕ್ಟ್’ ಸೇರಿಸಿ, ಬಂದದ್ದನ್ನು ಹೊಸ ಟೇಬಲ್ಲಿಗೆ ತುಂಬಿ. ಒಬ್ಬನೇ ರೈತನ ಹೆಸರಿನಲ್ಲಿ ರಾಗಿಯನ್ನು ಎರಡು ಸಲ ಬರೆದಿದ್ದರೂ ಒಂದೇ ಸಾಲು ಉಳಿಯುತ್ತದೆ.

ಹಳೆಯ ಕಾಲಂ ಅಳಿಸುವ ಮೊದಲು ಹೊಸ ಟೇಬಲ್ಲಿನ ಬೆಳೆಗಳ ಹೆಸರುಗಳನ್ನು ಒಮ್ಮೆ ಪಟ್ಟಿ ಮಾಡಿ ಓದಿ. ಒಬ್ಬರು ‘ಭತ್ತ’ ಎಂದು, ಇನ್ನೊಬ್ಬರು ‘ಬತ್ತ’ ಎಂದು ಬರೆದಿರುತ್ತಾರೆ. ಅದನ್ನು ಯಾವ ಫಂಕ್ಷನ್ನೂ ಸರಿಪಡಿಸದು. ಪಟ್ಟಿ ಬರೆದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ತಿದ್ದಿ, ಆಮೇಲೆ ಅಳಿಸಿ.