‘ಅಂತೆ’ಯನ್ನು ಉಳಿಸಿಕೊಳ್ಳುವ ಕೆಲಸ: ಯುದ್ಧಕಾಲದಲ್ಲಿ ಹೊರದೇಶದ ಸುದ್ದಿಗೆ ಕಿವಿಗೊಟ್ಟ ಕಚೇರಿಗಳು

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿದಾಗ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹಲವು ಮನೆಗಳ ನಿದ್ದೆ ಹಾರಿಹೋಯಿತು. ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಆ ಊರಿನ ಮಕ್ಕಳು ವೈದ್ಯಕೀಯಕ್ಕೋ ಧರ್ಮಶಾಸ್ತ್ರಕ್ಕೋ ಇರಾನಿಗೆ ಹೋಗಿ ಓದುವ ರೂಢಿಯಿದೆ. ಯುದ್ಧ ಶುರುವಾಗಿ ವಾರ ತುಂಬುವಷ್ಟರಲ್ಲಿ ಇರಾನಿನಲ್ಲಿ ಇಂಟರ್‌ನೆಟ್ ಹೆಚ್ಚುಕಡಿಮೆ ಪೂರ್ತಿಯಾಗಿ ನಿಂತಿತು. ಮಗನ ದನಿ ಫೋನಿನಲ್ಲಿ ಸಿಗದ ಮನೆಗೆ ಟಿವಿಯ ಸುದ್ದಿಯೇ ಗತಿ. ಆದರೆ ಆ ಸುದ್ದಿ ಬೆಂಗಳೂರಿನ ಸುದ್ದಿಮನೆಗಳನ್ನು ತಲುಪುವ ಹೊತ್ತಿಗೆ ಎರಡು ಹೊಳೆಗಳನ್ನು ದಾಟಿರುತ್ತದೆ. ಟೆಹರಾನಿನಲ್ಲಿ ಫಾರ್ಸಿಯಲ್ಲಿ ಆಡಿದ ಮಾತನ್ನು ಸುದ್ದಿಸಂಸ್ಥೆಯೊಂದು ಇಂಗ್ಲಿಷಿಗೆ ತರುತ್ತದೆ, ಆ ಇಂಗ್ಲಿಷನ್ನು ನಮ್ಮ ಡೆಸ್ಕಿನಲ್ಲಿ ಕೂತವರು ಅವಸರದಲ್ಲಿ ಕನ್ನಡಕ್ಕೆ ತರುತ್ತಾರೆ. ಈ ಎರಡು ದಾಟುಗಳಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು, ಆ ಮಾತನ್ನು ಆಡಿದವರು ಯಾರು ಎಂಬ ಸಂಗತಿ.

ಕನ್ನಡದಲ್ಲಿ ಇದಕ್ಕೆಂದೇ ಒಂದು ಪುಟ್ಟ ಪದವಿದೆ. ‘ಮಳೆ ಬಂತು’ ಎನ್ನುವುದಕ್ಕೂ ‘ಮಳೆ ಬಂತಂತೆ’ ಎನ್ನುವುದಕ್ಕೂ ಇರುವ ಅಂತರ ಶಾಲೆಗೆ ಹೋಗದ ಮಗುವಿಗೂ ಗೊತ್ತು. ಮೊದಲನೆಯದರಲ್ಲಿ ಹೇಳುವವನೇ ಸಾಕ್ಷಿ. ಎರಡನೆಯದರಲ್ಲಿ ಸಾಕ್ಷಿ ಇನ್ನೊಬ್ಬ. ‘ಅಂತೆ ಕಂತೆ’ ಎಂದು ಆ ಪದವನ್ನು ನಾವು ಹಗುರವಾಗಿ ಕಾಣುವುದುಂಟು. ನನ್ನ ದೃಷ್ಟಿಯಲ್ಲಿ ಯುದ್ಧಕಾಲದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಪದ ಇನ್ನೊಂದಿಲ್ಲ. ಹೊರದೇಶಗಳ ಮಾಧ್ಯಮಗಳ ಮೇಲೆ ನಿಗಾ ಇಡುವ ಕಚೇರಿಗಳು ಎಂಬತ್ತೈದು ವರ್ಷಗಳಿಗೂ ಮಿಕ್ಕಿ ಮಾಡಿಕೊಂಡು ಬಂದಿರುವುದು ಆ ‘ಅಂತೆ’ ಕಳಚಿ ಬೀಳದಂತೆ ಕಾಯುವ ಕೆಲಸವನ್ನೇ.

ಇದು ಗೂಢಚರ್ಯೆಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಯಾರೂ ಗುಟ್ಟಾಗಿ ಆಡಿದ್ದನ್ನು ಈ ಕಚೇರಿಗಳು ಕದ್ದು ಕೇಳುವುದಿಲ್ಲ. ಒಂದು ದೇಶ ತನ್ನ ಜನರಿಗೆ, ಇಲ್ಲವೇ ನೆರೆಯವರಿಗೆ, ಬಹಿರಂಗವಾಗಿ ಹೇಳುವುದನ್ನು ಕೇಳಿ, ಧ್ವನಿ ಮುದ್ರಿಸಿ, ಅನುವಾದಿಸಿ, ಯಾವ ಕೇಂದ್ರ, ಯಾವ ಭಾಷೆ, ಎಷ್ಟು ಗಂಟೆಗೆ ಎಂಬ ವಿವರವನ್ನು ತಲೆಬರಹದಂತೆ ಮೇಲೆ ಬರೆದು ಬೇಕಾದವರಿಗೆ ತಲುಪಿಸುವುದೇ ಇವುಗಳ ಕೆಲಸ.

ಇದು ವ್ಯವಸ್ಥಿತ ವೃತ್ತಿಯಾಗಿ ಬೆಳೆದದ್ದು ಎರಡನೇ ಮಹಾಯುದ್ಧದಲ್ಲಿ. 1939ರಲ್ಲಿ ಬಿಬಿಸಿ ತನ್ನ ಮಾನಿಟರಿಂಗ್ ಸೇವೆಯನ್ನು ಇಂಗ್ಲೆಂಡಿನ ಈವ್‌ಶಾಮ್ ಸಮೀಪದ ವುಡ್ ನಾರ್ಟನ್‌ನಲ್ಲಿ ಆರಂಭಿಸಿತು. 1943ರಲ್ಲಿ ಅದು ರೆಡಿಂಗ್ ಬಳಿಯ ಕ್ಯಾವರ್‌ಶಾಮ್‌ಗೆ ಹೋಗಿ, ಅಲ್ಲಿಯೇ 2018ರವರೆಗೆ ಇತ್ತು. ಯುದ್ಧದ ದಿನಗಳಲ್ಲಿ ಅಲ್ಲಿ ಕಿವಿಗೆ ಹೆಡ್‌ಫೋನ್ ಹಚ್ಚಿ ಕೂತವರಲ್ಲಿ ಹಲವರು ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು. ಜರ್ಮನ್ ಭಾಷೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಅಮ್ಮನ ಬಾಯಿಂದ ಬಂದದ್ದು. ಮುಂದೆ ಕಲಾ ಇತಿಹಾಸಕಾರರಾಗಿ ಜಗತ್ತಿನಲ್ಲೆಲ್ಲ ಹೆಸರಾದ ವಿಯೆನ್ನಾದ ಅರ್ನ್ಸ್ಟ್ ಗೊಂಬ್ರಿಕ್ ಅವರಲ್ಲೊಬ್ಬರು. 1945ರ ಮೇ 1ರಂದು ಜರ್ಮನ್ ರೇಡಿಯೊ ಮುಖ್ಯ ಪ್ರಕಟಣೆಯೊಂದಿದೆ ಎಂದು ಹೇಳಿ ಸಂಗೀತ ಸಂಯೋಜಕ ಬ್ರುಕ್ನರ್‌ನ ಏಳನೇ ಸಿಂಫೊನಿಯ ಭಾಗವೊಂದನ್ನು ನುಡಿಸಿತು. ಅದು ಇನ್ನೊಬ್ಬ ಸಂಯೋಜಕ ವಾಗ್ನರ್‌ನ ಸಾವಿನ ಶೋಕದೊಂದಿಗೆ ಹೆಣೆದುಕೊಂಡಿರುವ ಸಂಗೀತವೆಂದು ಬಲ್ಲ ಗೊಂಬ್ರಿಕ್, ಹಿಟ್ಲರ್ ಸತ್ತಿರಬೇಕೆಂದು ಪ್ರಕಟಣೆಗೆ ಮೊದಲೇ ಊಹಿಸಿದರು. ನಾಯಕರೊಬ್ಬರು ತೀರಿಕೊಂಡಾಗ ಆಕಾಶವಾಣಿ ಮಾಮೂಲಿ ಕಾರ್ಯಕ್ರಮ ನಿಲ್ಲಿಸಿ ಶಹನಾಯಿ ನುಡಿಸುತ್ತಿದ್ದ ದಿನಗಳನ್ನು ಕಂಡ ಬೆಂಗಳೂರಿನ ಹಿರಿಯರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದಗಳಿಲ್ಲದ ಕಡೆಯೂ ಸುದ್ದಿ ಇರುತ್ತದೆ, ಆದರೆ ಅದು ಆ ಸಂಸ್ಕೃತಿಯ ಒಳಗಿದ್ದವರ ಕಿವಿಗೆ ಮಾತ್ರ ಬೀಳುತ್ತದೆ.

ಅಮೆರಿಕ 1941ರ ಫೆಬ್ರವರಿಯಲ್ಲಿ ಇಂಥದೇ ಸೇವೆಯನ್ನು ಆರಂಭಿಸಿತು. ಅದೇ ವರ್ಷದ ಡಿಸೆಂಬರ್ 6ರ ಅದರ ವರದಿ, ಟೋಕಿಯೊ ರೇಡಿಯೊದ ದನಿ ಇನ್ನಷ್ಟು ಹಗೆತನದ್ದಾಗಿದೆ, ಹಿಂದಿನ ಬಿಕ್ಕಟ್ಟುಗಳಲ್ಲಿ ಕೇಳುತ್ತಿದ್ದ ಶಾಂತಿಯ ಮಾತು ಈ ಸಲ ಇಲ್ಲ ಎಂದು ಗುರುತಿಸಿತ್ತು. ಮರುದಿನ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿತ್ತು. ಆ ವರದಿ ದಾಳಿಯ ಜಾಗವನ್ನೋ ಹೊತ್ತನ್ನೋ ಹೇಳಿರಲಿಲ್ಲ. ಹೇಳಲು ಸಾಧ್ಯವೂ ಇರಲಿಲ್ಲ. ನಿನ್ನೆ ಇದ್ದ ಯಾವ ಮಾತು ಇಂದು ಇಲ್ಲ ಎಂಬುದನ್ನಷ್ಟೇ ಅದು ಹೇಳಿತು. ಈ ಕಸುಬಿನ ಜೀವಾಳ ಅಲ್ಲಿದೆ. ಅದು ನಿನ್ನೆಯದನ್ನು ನೆನಪಿಟ್ಟುಕೊಂಡು ಇಂದಿನದನ್ನು ಕೇಳುವುದು.

ಆದರೆ ಯುದ್ಧದಲ್ಲಿ ರೇಡಿಯೊ ಸುಳ್ಳನ್ನೂ ಹೇಳುತ್ತದೆ. 1967ರ ಜೂನ್ 5ರಂದು ಇಸ್ರೇಲಿನ ದಾಳಿಗೆ ಸಿಕ್ಕಿದ ಈಜಿಪ್ಟಿನ ವಾಯುಪಡೆಯ ಬಹುಪಾಲು ವಿಮಾನಗಳು ನೆಲದ ಮೇಲೆಯೇ ನಾಶವಾದವು. ಅದೇ ದಿನ ಕೈರೋ ರೇಡಿಯೊ ಶತ್ರುವಿನ ವಿಮಾನಗಳನ್ನು ಸಾಲುಸಾಲಾಗಿ ಹೊಡೆದುರುಳಿಸಿದ ಲೆಕ್ಕವನ್ನು ಗಂಟೆಗಂಟೆಗೂ ಏರಿಸುತ್ತ ಕೇಳಿಸಿತು. ‘ಅರಬ್ಬರ ಧ್ವನಿ’ ಎಂಬ ಅದರ ಪ್ರಸಾರವನ್ನು ನಂಬಿದ್ದ ಕೋಟ್ಯಂತರ ಜನರಿಗೆ ಸೋಲಿನ ಸತ್ಯ ತಿಳಿಯಲು ದಿನಗಳೇ ಹಿಡಿದವು. ಇಂಥ ದಿನ ನಿಗಾ ಕಚೇರಿಯ ಮೇಜಿನ ಮುಂದೆ ಕೂತವನು ಏನು ಮಾಡಬೇಕು? ಸುಳ್ಳೆಂದು ಅನ್ನಿಸಿದ್ದನ್ನು ಬಿಟ್ಟುಬಿಡುವಂತಿಲ್ಲ, ಏಕೆಂದರೆ ಒಂದು ಸರ್ಕಾರ ತನ್ನ ಜನರಿಗೆ ಯಾವ ಸುಳ್ಳನ್ನು ಹೇಳಲು ನಿರ್ಧರಿಸಿತು ಎಂಬುದೇ ಮಹತ್ವದ ಮಾಹಿತಿ. ಅದನ್ನು ನಡೆದ ಸಂಗತಿಯೆಂದು ದಾಟಿಸುವಂತೆಯೂ ಇಲ್ಲ. ‘ಇಷ್ಟು ಗಂಟೆಗೆ ಕೈರೋ ರೇಡಿಯೊ ಅರಬ್ಬಿಯಲ್ಲಿ ಹೀಗೆ ಹೇಳಿತು’ ಎಂಬ ಚೌಕಟ್ಟಿನೊಳಗೆ ಇಡಿಯಾಗಿ ಕೊಡಬೇಕು. ಆ ಚೌಕಟ್ಟನ್ನು ಕಿತ್ತರೆ ಉಳಿಯುವುದು ಪ್ರಚಾರದ ಪ್ರತಿಧ್ವನಿ.

ಹಾಗೆಂದು ಬಹಿರಂಗ ಪ್ರಸಾರವೆಲ್ಲ ಪೊಳ್ಳು ಎಂದುಕೊಳ್ಳಬಾರದು. 1962ರ ಅಕ್ಟೋಬರ್ 28ರಂದು, ಕ್ಯೂಬಾದಿಂದ ಕ್ಷಿಪಣಿಗಳನ್ನು ಹಿಂದೆಗೆದುಕೊಳ್ಳುವ ಸೋವಿಯತ್ ನಾಯಕ ಕ್ರುಶ್ಚೇವ್ ಅವರ ನಿರ್ಧಾರವನ್ನು ಮಾಸ್ಕೋ ರೇಡಿಯೊ ನೇರವಾಗಿ ಓದಿತು. ರಾಯಭಾರ ಕಚೇರಿಗಳ ಮೂಲಕ ಸಂದೇಶ ಸಾಗಲು ಗಂಟೆಗಟ್ಟಲೆ ಬೇಕಾಗುತ್ತಿದ್ದ ಆ ಕಾಲದಲ್ಲಿ ಅಣುಯುದ್ಧದ ಅಂಚಿನಿಂದ ಜಗತ್ತು ಹಿಂದೆ ಸರಿದ ಸುದ್ದಿ ವಾಷಿಂಗ್ಟನ್ನಿಗೆ ಮೊದಲು ತಲುಪಿದ್ದು ರೇಡಿಯೊ ಆಲಿಸುವವರ ಮೂಲಕ.

ನಮ್ಮ ದೇಶದಲ್ಲಿ ಆಕಾಶವಾಣಿಯ ನಿಗಾ ಸೇವೆಯ ಬೇರು ಎರಡನೇ ಮಹಾಯುದ್ಧದ ಕಾಲಕ್ಕೇ ಹೋಗುತ್ತದೆ. ಸಿಮ್ಲಾದಲ್ಲಿ ಹಲವು ವರ್ಷ ನಡೆದ ಈ ಕೆಲಸ ಆಮೇಲೆ ದೆಹಲಿಯ ಆಯಾ ನಗರಕ್ಕೆ ಬಂತು. ನಮ್ಮ ನೆರೆಹೊರೆಯಲ್ಲಿ ಕಿವಿಯ ಬೆಲೆ ಎಲ್ಲಕ್ಕಿಂತ ಚೆನ್ನಾಗಿ ತಿಳಿದದ್ದು 1971ರಲ್ಲಿ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಜನರ ಮೇಲೆ ಮುಗಿಬಿದ್ದ ಎರಡು ದಿನಗಳಿಗೆ, ಚಿತ್ತಗಾಂಗ್ ಬಳಿಯ ಕಾಲೂರ್‌ಘಾಟ್‌ನ ಪ್ರಸಾರ ಕೇಂದ್ರದಿಂದ ಮೇಜರ್ ಜಿಯಾವುರ್ ರಹಮಾನ್ ಅವರು ಶೇಖ್ ಮುಜೀಬರ ಪರವಾಗಿ ಸ್ವಾತಂತ್ರ್ಯದ ಘೋಷಣೆಯನ್ನು ಓದಿದರು. ಮಾರ್ಚ್ 30ರಂದು ವಿಮಾನಗಳು ಆ ಕೇಂದ್ರದ ಮೇಲೆ ಬಾಂಬು ಹಾಕಿದವು. ಸಿಬ್ಬಂದಿ ಸಲಕರಣೆಗಳನ್ನು ಹೊತ್ತು ತ್ರಿಪುರಾ ಕಡೆಗೆ ಸರಿದರು. ಮೇ 25ರಿಂದ ‘ಸ್ವಾಧೀನ್ ಬಾಂಗ್ಲಾ ಬೇತಾರ್ ಕೇಂದ್ರ’ ಕೊಲ್ಕತ್ತಾದಿಂದ 50 ಕಿಲೋವ್ಯಾಟ್ ಶಕ್ತಿಯಲ್ಲಿ ಮಾತನಾಡಿತು. ಇವೆಲ್ಲ ಇತಿಹಾಸದ ಪುಸ್ತಕದಲ್ಲಿ ಒಂದೆರಡು ಸಾಲು. ಆದರೆ ಒಂದು ದನಿ ಕ್ಷೀಣವಾಗಿ ಕೇಳಿಸಿ, ಒಮ್ಮೆಲೇ ಇಲ್ಲವಾಗಿ, ಮತ್ತೊಂದು ತರಂಗಾಂತರದಲ್ಲಿ ಮತ್ತೆ ಹುಟ್ಟಿಬರುವುದನ್ನು ರಾತ್ರಿಯಿಡೀ ಮುಳ್ಳು ತಿರುಗಿಸುತ್ತ ಹುಡುಕಿದವರಿಗೆ ಅದು ಯುದ್ಧದ ನಕ್ಷೆಯೇ ಆಗಿತ್ತು. ದನಿ ಎಲ್ಲಿಂದ ಬರುತ್ತಿದೆ, ಎಷ್ಟು ಗಟ್ಟಿಯಾಗಿದೆ, ಯಾವಾಗ ನಿಂತಿತು ಎಂಬುದನ್ನು ಮಾತಿನಷ್ಟೇ ಮುತುವರ್ಜಿಯಿಂದ ಬರೆದಿಡುವುದು ಆಲಿಸುವವರ ಕರ್ತವ್ಯ. ‘ಪ್ರಸಾರವಿಲ್ಲ’ ಎಂಬುದೂ ಒಂದು ನಮೂದು.

ಕಚೇರಿಯೇ ಯುದ್ಧದ ನಡುವೆ ಸಿಕ್ಕಿಕೊಂಡರೆ? ಸೈಪ್ರಸ್ ದ್ವೀಪದ ಉತ್ತರ ತೀರದ ಕಿರೇನಿಯಾ ಬಳಿ ಅಮೆರಿಕದ ಇಂಥ ಕಚೇರಿಯೊಂದಿತ್ತು. ಪಶ್ಚಿಮ ಏಷ್ಯಾದ ಪ್ರಸಾರಗಳು ಅಲ್ಲಿ ಸ್ಪಷ್ಟವಾಗಿ ಸಿಗುತ್ತವೆ ಎಂಬುದೇ ಆ ಜಾಗದ ಆಕರ್ಷಣೆ. 1974ರ ಜುಲೈ 15ರಂದು ದ್ವೀಪದಲ್ಲಿ ಕ್ಷಿಪ್ರಕ್ರಾಂತಿ ನಡೆದು, ಅಧ್ಯಕ್ಷ ಮಕಾರಿಯೋಸ್ ಸತ್ತರೆಂದು ಸರ್ಕಾರಿ ರೇಡಿಯೊ ಸಾರಿತು. ಕೆಲವೇ ಗಂಟೆಗಳಲ್ಲಿ ಪಾಫೋಸ್‌ನ ಪುಟ್ಟ ಕೇಂದ್ರವೊಂದರಿಂದ ಸ್ವತಃ ಮಕಾರಿಯೋಸ್ ತಾವು ಬದುಕಿರುವುದಾಗಿ ಮಾತನಾಡಿದರು. ಜುಲೈ 20ರಂದು ಟರ್ಕಿಯ ಸೇನೆ ಇಳಿದದ್ದು ಅದೇ ಕಿರೇನಿಯಾದ ಕಡಲತಡಿಯಲ್ಲಿ. ನಿಗಾ ಕಚೇರಿಯ ಸಿಬ್ಬಂದಿ ಜಾಗ ಬಿಡಬೇಕಾಯಿತು. ಬೇರೆಯವರ ಯುದ್ಧವನ್ನು ಕೇಳಲೆಂದು ಹತ್ತಿರ ಹೋದಷ್ಟೂ ಪ್ರಸಾರ ಚೆನ್ನಾಗಿ ಸಿಗುತ್ತದೆ, ಅಪಾಯವೂ ಅಷ್ಟೇ ಹತ್ತಿರವಾಗುತ್ತದೆ. ಇಂಥ ಕಚೇರಿಯನ್ನು ನಡೆಸುವವರ ಮುಂದೆ ಎಂದೂ ಬಗೆಹರಿಯದೆ ಉಳಿದ ಪ್ರಶ್ನೆ ಇದು.

ಯುದ್ಧದ ಹೊತ್ತಿನಲ್ಲಿ ಇಂಥ ಕಚೇರಿಯ ಮುಖ್ಯಸ್ಥರ ತಲೆಯಲ್ಲಿ ದೊಡ್ಡ ವಿಶ್ಲೇಷಣೆಗಳಿಗಿಂತ ಹೆಚ್ಚಾಗಿ ಇರುವುದು ಮನೆ ನಡೆಸುವವರ ತಲೆಯಲ್ಲಿ ಇರುವಂಥ ಚಿಂತೆಗಳೇ. ರಾತ್ರಿ ಪಾಳಿಗೆ ಬರುವವರು ಕರ್ಫ್ಯೂ ದಾಟಿ ಹೇಗೆ ಬರಬೇಕು, ಜನರೇಟರಿಗೆ ಡೀಸೆಲ್ ಎಷ್ಟು ದಿನಕ್ಕಿದೆ, ಆಂಟೆನಾ ಉರುಳಿದರೆ ಏರಿ ಸರಿಪಡಿಸುವವರು ಯಾರು, ಎರಡು ಪಾಳಿ ಒಟ್ಟಿಗೆ ಮಾಡಿದವರನ್ನು ಮನೆಗೆ ಕಳಿಸುವುದು ಯಾವಾಗ. ನಿದ್ದೆಗೆಟ್ಟ ಕಿವಿ ‘ಹಿಂದೆ ಸರಿಯುತ್ತೇವೆ’ ಎಂಬುದನ್ನೂ ‘ಹಿಂದೆ ಸರಿಯುವುದಿಲ್ಲ’ ಎಂಬುದನ್ನೂ ಅದಲುಬದಲು ಮಾಡಬಲ್ಲದು. ಆದ್ದರಿಂದ ಮುಖ್ಯವಾದ ಭಾಷಣವನ್ನು ಇಬ್ಬರು ಬೇರೆಬೇರೆಯಾಗಿ ಕೇಳಿ, ಮುದ್ರಿತ ಧ್ವನಿಯನ್ನು ಮತ್ತೆ ಹಾಕಿ ತಾಳೆನೋಡುವ ಪದ್ಧತಿ ಬೇಕೇ ಬೇಕು. ಇದಕ್ಕಿಂತ ಕಷ್ಟದ ಮಾತೊಂದಿದೆ. ಭಾಷೆ ಬಲ್ಲವರು ಬಹುತೇಕ ಆ ನೆಲದವರೇ ಆಗಿರುತ್ತಾರೆ. ಬುಲೆಟಿನ್ನಿನಲ್ಲಿ ತನ್ನ ತಂಗಿಯ ಊರಿನ ಹೆಸರು ಬಂದಾಗ ಅನುವಾದಕಿಯ ಕೈ ನಡುಗದೆ ಇರುತ್ತದೆಯೇ? ಆ ಮೇಜಿಗೆ ಇನ್ನೊಬ್ಬರನ್ನು ಕೂರಿಸಿ, ಆಕೆಗೆ ಫೋನು ಮಾಡಲು ಬಿಡುವು ಕೊಡುವ ಮುಖ್ಯಸ್ಥ ದಯೆ ತೋರಿಸುವುದರ ಜೊತೆಗೆ ವರದಿಯ ನಿಖರತೆಯನ್ನೂ ಕಾಪಾಡುತ್ತಾನೆ.

ಈ ವಿಷಯ ಬೆಂಗಳೂರಿಗೆ ದೂರದ್ದಲ್ಲ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಕೊಕ್ರಾಝಾರ್ ಕಡೆಯ ಹಿಂಸೆಯ ಬೆನ್ನಿಗೆ ಹಬ್ಬಿದ ಬೆದರಿಕೆಯ ಸಂದೇಶಗಳಿಂದ ಕಂಗೆಟ್ಟು ಈಶಾನ್ಯ ರಾಜ್ಯಗಳ ಸಾವಿರಾರು ಜನ ಈ ನಗರದ ರೈಲು ನಿಲ್ದಾಣಕ್ಕೆ ಗಂಟುಮೂಟೆಯೊಂದಿಗೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಕೊನೆಗೆ ಕೇಂದ್ರ ಸರ್ಕಾರ ದಿನಕ್ಕೆ 5 ಎಸ್ಸೆಮ್ಮೆಸ್‌ಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಹರಿದಾಡಿದ ಚಿತ್ರಗಳಲ್ಲಿ ಕೆಲವು ಎಲ್ಲಿಯವೋ, ಯಾವ ಕಾಲದವೋ. ಚಿತ್ರದ ಹಿಂದಿದ್ದ ‘ಎಲ್ಲಿಯದು, ಎಂದಿನದು’ ಎಂಬ ಚೀಟಿ ಹರಿದುಹೋಗಿತ್ತು. 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನದ ಸಂಘರ್ಷದ ರಾತ್ರಿಗಳಲ್ಲಿ ಕರಾಚಿ ಬಂದರು ನಾಶವಾಯಿತೆಂದು ಹಲವು ಟಿವಿ ವಾಹಿನಿಗಳು ಸಾರಿದವು, ಅದು ಸುಳ್ಳಾಗಿತ್ತು. ನಾನು ಕೆಲಸ ಮಾಡಿದ ಸುದ್ದಿಮನೆಯೊಂದರಲ್ಲಿ ‘ಎಂದು ಹೇಳಿಕೊಂಡಿದೆ’ ಎಂಬ ಮಾತನ್ನು ಶೀರ್ಷಿಕೆ ಉದ್ದವಾಯಿತೆಂಬ ಕಾರಣಕ್ಕೆ ತೆಗೆದುಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ, ನಾನೂ ತೆಗೆದಿದ್ದೇನೆ. ಅದಕ್ಕಾಗಿ ಇಂದಿಗೂ ಬೇಸರವಿದೆ.

ಈಗ ಮಾತನ್ನು ಬರಹಕ್ಕಿಳಿಸುವ, ಕ್ಷಣಾರ್ಧದಲ್ಲಿ ಅನುವಾದಿಸುವ ತಂತ್ರಾಂಶಗಳಿವೆ. ಒಬ್ಬ ಮನುಷ್ಯ ಕೇಳಲಾಗದಷ್ಟು ವಾಹಿನಿಗಳನ್ನು ಅವು ಒಟ್ಟಿಗೆ ಜಾಲಾಡುತ್ತವೆ. ಅವನ್ನು ಬೇಡವೆನ್ನುವುದು ತಪ್ಪು. ಆದರೆ 2025ರ ಜೂನ್ 16ರಂದು ಇರಾನಿನ ಸರ್ಕಾರಿ ಟಿವಿಯ ಕಟ್ಟಡದ ಮೇಲೆ ನೇರಪ್ರಸಾರದ ನಡುವೆಯೇ ಬಾಂಬು ಬಿದ್ದು, ನಿರೂಪಕಿ ಎದ್ದುಹೋಗಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಪರದೆಯ ಮೇಲೆ ಬಂದು ಕೂತಳಲ್ಲ, ಆ ಮರಳಿ ಬರುವಿಕೆಯಲ್ಲಿ ಆ ದೇಶ ತನ್ನ ಜನರಿಗೆ ಏನನ್ನು ಹೇಳುತ್ತಿತ್ತು ಎಂಬುದನ್ನು ಅಳೆಯಲು ಫಾರ್ಸಿಯಷ್ಟೇ ಅಲ್ಲ, ಆ ಸಮಾಜವೂ ಗೊತ್ತಿರಬೇಕು.

ಅಂಥವರು ನಮ್ಮಲ್ಲಿ ಇಲ್ಲದೆ ಇಲ್ಲ. ಶಿರಾಜ್‌ನಿಂದ ಬಂದು ಹತ್ತೊಂಬತ್ತನೇ ಶತಮಾನದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್ ಅವರ ಹೆಸರಿನ ರಸ್ತೆ ಇಂದಿಗೂ ನಗರದ ನಡುವೆ ಇದೆ. ಶಿವಾಜಿನಗರದ ಉರ್ದು ಓದುಗರು ಗಡಿಯಾಚೆಯ ಉರ್ದುವನ್ನು ಅನುವಾದವಿಲ್ಲದೆ ಗ್ರಹಿಸಬಲ್ಲರು. ಯಲಹಂಕದ ಬಳಿ ಆಕಾಶವಾಣಿಯ 500 ಕಿಲೋವ್ಯಾಟ್‌ನ ಹ್ರಸ್ವತರಂಗ ಪ್ರೇಷಕಗಳ ಮೂಲಕ ಈ ನಗರ ದಶಕಗಳ ಕಾಲ ಹೊರದೇಶಗಳೊಂದಿಗೆ ಮಾತನಾಡಿದೆ. ಕೇಳಿಸಿಕೊಳ್ಳುವ ಏರ್ಪಾಡನ್ನು ಮಾತ್ರ ಕನ್ನಡದ ಸುದ್ದಿಮನೆಗಳು ಮಾಡಿಕೊಂಡಿಲ್ಲ. ದೊಡ್ಡ ಕಟ್ಟಡ, ದೊಡ್ಡ ಆಂಟೆನಾ ಇದಕ್ಕೆ ಬೇಕಿಲ್ಲ. ಪಶ್ಚಿಮ ಏಷ್ಯಾದಲ್ಲಿ ಗುಂಡಿನ ಸದ್ದಾದ ದಿನ ಫಾರ್ಸಿ, ಅರಬ್ಬಿ, ಹೀಬ್ರೂ ಬಲ್ಲ ಇಬ್ಬರು ಮೂವರು ಪಾಳಿಯ ಮೇಲೆ ಕೂತು ಮೂಲ ಪ್ರಸಾರವನ್ನು ಕೇಳಿ, ಯಾರು, ಎಲ್ಲಿಂದ, ಎಷ್ಟು ಗಂಟೆಗೆ ಎಂದು ಕನ್ನಡದಲ್ಲಿ ಬರೆದುಕೊಡಲಿ. ಡೆಸ್ಕಿನವರು ಆ ಮೂರು ವಿವರಗಳನ್ನು ಅಳಿಸದೆ ಪ್ರಕಟಿಸಲಿ. ಟೆಹರಾನಿನಿಂದಲೂ ಧರ್ಮಶಾಸ್ತ್ರದ ಓದಿಗೆ ಹೆಸರಾದ ಕೋಮ್ ನಗರದಿಂದಲೂ ಓದು ಅರ್ಧಕ್ಕೆ ಬಿಟ್ಟು ಮರಳಿದ ಅಲೀಪುರದ ತರುಣರಿಂದಲೇ ಈ ಕೆಲಸವನ್ನು ಆರಂಭಿಸಬಹುದು.