ದಿನಾ ಕಬ್ಬನ್ ಪಾರ್ಕಲ್ಲಿ 10 ಕಿ.ಮೀ ಓಡ್ತೀನಿ, ಆಲ್ಪ್ಸ್‌ನಲ್ಲಿ ಹಟ್‌ನಿಂದ ಹಟ್‌ಗೆ ನಡೆಯೋಕೆ ಇಷ್ಟು ಸಾಕಾ?

ಬೆಂಗಳೂರಿಂದ ಟೂರ್ ಡು ಮಾಂ ಬ್ಲಾಂ, ಅಂದ್ರೆ ರಾತ್ರಿ ಬೆಟ್ಟದ ಹಟ್‌ಗಳಲ್ಲಿ (ಊಟ, ಬೆಡ್ ಸಿಗೋ ವಸತಿಗಳಲ್ಲಿ) ಉಳ್ಕೊಂಡು ಮಾಂ ಬ್ಲಾಂ ಪರ್ವತದ ಸುತ್ತ ನಡೆಯೋ ಟ್ರೆಕ್, ಪ್ಲಾನ್ ಹಾಕೋ ಫ್ರೆಂಡ್ಸ್ ಗ್ಯಾಂಗಲ್ಲಿ ಒಬ್ರಾದ್ರೂ ಇದನ್ನ ಕೇಳೇ ಕೇಳ್ತಾರೆ, ಅದೂ ಟಿಕೆಟ್ ಬುಕ್ ಆದ್ಮೇಲೆ. ಉತ್ತರ ಏನಂದ್ರೆ, ದಮ್ಮಿಗೆ ಸಾಕು, ತೊಡೆಗೂ ಮಂಡಿಗೂ ಸಾಲಲ್ಲ.

ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ಸೇರಿ ಈ ಸುತ್ತು ಸುಮಾರು 170 ಕಿ.ಮೀ, ಸಾಮಾನ್ಯವಾಗಿ 10-11 ದಿನ ಹಿಡಿಯತ್ತೆ. ಭಾಗಿಸಿ ನೋಡಿದ್ರೆ ದಿನಕ್ಕೆ ಹದಿನಾರು ಹದಿನೇಳು ಕಿ.ಮೀ, ಇಷ್ಟೇನಾ ಅನ್ಸತ್ತೆ. ಆದ್ರೆ ಒಟ್ಟು ಏರು ಸುಮಾರು 10,000 ಮೀಟರ್ ಇದೆ, ಅಂದ್ರೆ ದಿನಾ ಹೆಚ್ಚುಕಮ್ಮಿ 1,000 ಮೀಟರ್ ಹತ್ತಿ ಅಷ್ಟೇ ಇಳೀಬೇಕು. ನಂದಿಬೆಟ್ಟನ ಬುಡದಿಂದ ಮೆಟ್ಟಿಲಲ್ಲಿ ಎರಡು ಸಲ ಹತ್ತಿ ಇಳಿದಂಗೆ, ಅದೂ ಬೆನ್ನಲ್ಲಿ ಏಳೆಂಟು ಕೆಜಿ ಬ್ಯಾಗ್ ಹಾಕ್ಕೊಂಡು. ಕುಮಾರಪರ್ವತ ಮಾಡಿದೀನಲ್ಲ ಅಂತೀರಾ, ಒಳ್ಳೇದೇ, ಕುಕ್ಕೆ ಕಡೆಯಿಂದ ಅದು 1,500 ಮೀಟರ್‌ಗಿಂತ ಜಾಸ್ತಿ ಏರು, ಆಲ್ಪ್ಸ್‌ನ ಒಂದು ದಿನಕ್ಕಿಂತ ಕಷ್ಟಾನೇ, ಆದ್ರೆ ಅದು ಮುಗಿದ್ಮೇಲೆ ಬಸ್ಸಲ್ಲಿ ಮಲ್ಕೊಂಡು ಬರ್ತೀರ, ಸೋಮವಾರ ಆಫೀಸಲ್ಲಿ ಕುಂಟಿದ್ರೂ ನಡಿಯತ್ತೆ, ಅಲ್ಲಿ ಮಾತ್ರ ಬೆಳಿಗ್ಗೆ ಏಳೂವರೆಗೆ ಮತ್ತೆ ಶೂ ಹಾಕ್ಬೇಕು.

ಒಂದು ದಿನಾನೇ ತಗೊಳ್ಳಿ. ಇಟಲಿ ಕಡೆ ರಿಫ್ಯೂಜಿಯೋ ಬೊನಾಟ್ಟಿ ಅನ್ನೋ ಹಟ್ ಇರೋದು 2,025 ಮೀಟರ್‌ನಲ್ಲಿ, ಎದುರಿಗೇ ಗ್ರಾಂಡ್ ಜೊರಾಸ್ ಪರ್ವತ. ಅಲ್ಲಿಂದ ಹೊರಟು ಮೊದ್ಲು ಕಣಿವೆಗೆ ಇಳೀತೀರ, ಆಮೇಲೆ 2,537 ಮೀಟರ್‌ನ ಗ್ರಾಂಡ್ ಕೋಲ್ ಫೆರೆ ಅನ್ನೋ ಪಾಸ್ (ಬೆಟ್ಟಸಾಲು ದಾಟೋ ಜಾಗ) ತನಕ ಏರು, ಅದೇ ಸ್ವಿಸ್ ಗಡಿ, ಆಮೇಲೆ 900 ಮೀಟರ್‌ಗೂ ಮೇಲೆ ಇಳಿದು ಲಾ ಫೂಲಿ ಅನ್ನೋ ಹಳ್ಳಿ. ಸುಮಾರು 20 ಕಿ.ಮೀ. ಬೆಟ್ಟದಲ್ಲಿ ನಡೆಯೋ ಸಮಯ ಅಂದಾಜು ಮಾಡೋಕೆ ಹಳೇ ನೇಸ್ಮಿತ್ ಲೆಕ್ಕ ಒಂದಿದೆ, 5 ಕಿ.ಮೀಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಐದೂವರೆ ಗಂಟೆ ಬರತ್ತೆ, ಆದ್ರೆ ಅದ್ರಲ್ಲಿ ಊಟ, ಫೋಟೋ, ಬ್ಯಾಗ್ ಭಾರ ಏನೂ ಸೇರಿಲ್ಲ, ನೀವು ಏಳೆಂಟು ಗಂಟೆ ಅಂತಾನೇ ಇಟ್ಕೊಳ್ಳಿ. ಸ್ವಿಟ್ಜರ್ಲೆಂಡಲ್ಲಿ ಹಳದಿ ಬೋರ್ಡ್‌ಗಳಲ್ಲಿ ಕಿ.ಮೀ ಬದಲು ನಡೆಯೋ ಸಮಯಾನೇ ಬರೆದಿರ್ತಾರೆ, ಬೆಟ್ಟದಲ್ಲಿ ಅದೇ ಸರಿ ಅಂತ ನನಗನ್ಸತ್ತೆ.

ಕೈ ಕೊಡೋದು ಆ ಕೊನೇ ಇಳಿಜಾರು. ಇಳಿಯುವಾಗ ತೊಡೆ ಸ್ನಾಯು ಉದ್ದ ಆಗ್ತಾ ಆಗ್ತಾನೇ ನಿಮ್ಮ ಭಾರ ತಡೀಬೇಕು, ಅದಕ್ಕೆ ಸಣ್ಣಸಣ್ಣ ಪೆಟ್ಟು ಬಿದ್ದು ಮಾರನೇ ದಿನ ಹಿಡ್ಕೊಳತ್ತೆ. ಸಮತಟ್ಟಾದ ಕಬ್ಬನ್ ಪಾರ್ಕಲ್ಲಿ ಎಷ್ಟು ಓಡಿದ್ರೂ ಈ ಅಭ್ಯಾಸ ಆಗಲ್ಲ. ಅಪಾರ್ಟ್‌ಮೆಂಟ್ ಲಿಫ್ಟ್ ಬಿಟ್ಟು ಬ್ಯಾಗ್ ಹಾಕ್ಕೊಂಡು ಮೆಟ್ಟಿಲು ಹತ್ತಿ ಇಳೀರಿ, ಸೆಕ್ಯುರಿಟಿಯವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ. ವೀಕೆಂಡ್ ಶನಿವಾರ ಸ್ಕಂದಗಿರಿ ಮಾಡಿದ್ರೆ ಭಾನುವಾರ ಮಕಳಿದುರ್ಗ ಮಾಡಿ, ಕಾಲು ನೋಯ್ತಿರುವಾಗ ನಡೆಯೋದೇ ಇಲ್ಲಿ ಪರೀಕ್ಷೆ. ಟ್ರೆಕ್ಕಿಂಗ್ ಪೋಲ್ ಎರಡೂ ತಗೊಳ್ಳಿ, ಒಂದು ಸಾಲಲ್ಲ.

ಫ್ರೆಂಡ್ಸ್ ವಿಷ್ಯಾನೂ ಹೇಳ್ಬಿಡ್ತೀನಿ. ನಿಧಾನ ನಡೆಯೋರನ್ನ ಮುಂದೆ ಬಿಡಿ. ಫಾಸ್ಟ್ ಇರೋನು ಮುಂದೆ ಹೋಗಿ ಕೂತು ರೆಸ್ಟ್ ತಗೊಂಡಿರ್ತಾನೆ, ಸುಸ್ತಾದವ್ರು ಬಂದ ತಕ್ಷಣ ಹೊರಡ್ತಾನೆ, ಪಾಪ ರೆಸ್ಟ್ ಬೇಕಿದ್ದೋರಿಗೇ ಅದು ಸಿಗಲ್ಲ, ಮೂರನೇ ದಿನಕ್ಕೆ ಮಾತು ಬಿಡೋದು ಇಂಥದಕ್ಕೇನೇ. ಬೇಸಿಗೆ ಮಧ್ಯಾಹ್ನ ಅಲ್ಲಿ ಗುಡುಗು ಸಿಡಿಲು ಜಾಸ್ತಿ, ಅದಕ್ಕೇ ಬೇಗ ಹೊರಟು ಮಧ್ಯಾಹ್ನದೊಳಗೆ ಎತ್ತರದ ಪಾಸ್ ದಾಟಿ ಮುಗಿಸ್ಬೇಕು.

ಹಟ್ ತಲುಪಿದ್ರೆ ಶೂ ಬಾಗಿಲಲ್ಲೇ, ಒಳಗೆ ಚಪ್ಪಲಿ, ಡಾರ್ಮಿಟರಿ ಬೆಡ್ ಮೇಲೆ ನಿಮ್ದೇ ಸ್ಲೀಪಿಂಗ್ ಬ್ಯಾಗ್ ಲೈನರ್ (ಒಳಗೆ ತೂರಿ ಮಲಗೋ ತೆಳು ಬಟ್ಟೆ ಚೀಲ). ರಾತ್ರಿ ಊಟ ಸಾಮಾನ್ಯವಾಗಿ ಆರೂವರೆ ಏಳಕ್ಕೆ ಎಲ್ಲರಿಗೂ ಒಟ್ಟಿಗೇ, ವೆಜ್ ಅಂತ ಬುಕ್ ಮಾಡುವಾಗ್ಲೇ ಹೇಳಿರ್ಬೇಕು, ಪಾಸ್ತಾ, ಪೊಲೆಂಟಾ (ಮೆಕ್ಕೆಜೋಳದ ಹಿಟ್ಟಿನ ಗಂಜಿ ಥರದ್ದು), ಚೀಸ್ ಇದರ ಸುತ್ತಾನೇ ಇರತ್ತೆ, ಚಟ್ನಿಪುಡಿ ಒಂದು ಪ್ಯಾಕೆಟ್ ಇದ್ರೆ ಜೀವ ಬರತ್ತೆ. ಗೊರಕೆಗೆ ಇಯರ್‌ಪ್ಲಗ್ ಇಟ್ಕೊಳ್ಳಿ. ಬುಕ್ ಮಾಡಿ ಹೋಗೋಕೆ ಆಗ್ದಿದ್ರೆ ಹಟ್‌ಗೆ ಫೋನ್ ಮಾಡಿ ತಿಳಿಸ್ಲೇಬೇಕು, ಇಲ್ಲಾಂದ್ರೆ ದಾರೀಲಿ ಏನೋ ಆಗಿದೆ ಅಂತ ಅವ್ರು ರೆಸ್ಕ್ಯೂದವರಿಗೆ ಹೇಳೋ ಸಾಧ್ಯತೆ ಇರತ್ತೆ.