ಎರಡು ಮಿದುಳು, ಒಂದು ಲಯ: ಅಳೆಯಲು ಕಲಿತ ಕಥೆ

ಕೂಡಿ ಕೆಲಸ ಮಾಡುವವರ ಮಿದುಳುಗಳು ಒಂದೇ ಲಯಕ್ಕೆ ಬರುತ್ತವೆ ಎಂದರೆ ತಲೆಯಿಂದ ತಲೆಗೆ ಅಲೆ ಹಾಯುತ್ತದೆ ಎಂದಲ್ಲ. ಬೇರೆ ಬೇರೆ ಅಳೆದ ಎರಡು ಸಂಕೇತಗಳ ಏರಿಳಿತ ಹೊಂದಿಕೊಂಡು ಸಾಗುತ್ತದೆ, ಅಷ್ಟೆ. 1965ರಲ್ಲಿ ಡುವೇನ್ ಮತ್ತು ಬೆರೆಂಟ್ ಎಂಬ ಸಂಶೋಧಕರು ಅವಳಿಗಳನ್ನು ಪ್ರತ್ಯೇಕ ಕೋಣೆಗಳಲ್ಲಿ ಕೂರಿಸಿ, ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರ ಇಇಜಿಯಲ್ಲೂ (ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವಿಧಾನ) ಕಣ್ಣು ಮುಚ್ಚಿದಾಗ ಬಲಗೊಳ್ಳುವ ಆಲ್ಫಾ ಅಲೆ ಏಳುತ್ತದೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 15 ಜೋಡಿಗಳಲ್ಲಿ ಹಾಗೆ ಕಂಡದ್ದು ಎರಡರಲ್ಲಿ ಮಾತ್ರ. ವಿಧಾನದ ಬಗ್ಗೆ ಕಟು ಟೀಕೆ ಬಂತು.

2002ರಲ್ಲಿ ನರವಿಜ್ಞಾನಿ ರೀಡ್ ಮಾಂಟೆಗ್ಯೂ ತಂಡ ಎರಡು ಎಫ್‌ಎಂಆರ್‌ಐ (ಆಯಸ್ಕಾಂತದ ನೆರವಿನಿಂದ ಮಿದುಳಿನ ಚಟುವಟಿಕೆ ಚಿತ್ರಿಸುವ) ಯಂತ್ರಗಳನ್ನು ಇಂಟರ್ನೆಟ್‌ನಲ್ಲಿ ಬೆಸೆದು, ಈ ವಿಧಾನಕ್ಕೆ ‘ಹೈಪರ್‌ಸ್ಕ್ಯಾನಿಂಗ್’ ಎಂದು ಹೆಸರಿಟ್ಟಿತು. ಆದರೆ ಕೊಳವೆಯೊಳಗೆ ಅಲುಗಾಡದೆ ಮಲಗಿದವರಿಂದ ತಂಡದ ಕೆಲಸ ಎಷ್ಟಾದೀತು? 2009ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಎಂಟು ಜೋಡಿ ಗಿಟಾರ್ ವಾದಕರಿಗೆ ಇಇಜಿ ಟೋಪಿ ತೊಡಿಸಿದರು. ತಾಳ ಕೊಡುವ ಮೆಟ್ರೋನೋಮ್ ಯಂತ್ರದ ಬಡಿತಕ್ಕೂ ನುಡಿಸಾಟದ ಆರಂಭಕ್ಕೂ ಇಬ್ಬರ ಅಲೆಗಳು ಕೂಡಿಬಂದವು. ಇಬ್ಬರ ಕಿವಿಗೂ ಅದೇ ಸದ್ದು, ಕೈಗೂ ಅದೇ ಚಲನೆ. ಸಹಕಾರವಿಲ್ಲದೆಯೂ ಅಲೆಗಳು ಕೂಡಬಹುದಿತ್ತು. ಇಂದಿಗೂ ಈ ಕ್ಷೇತ್ರವನ್ನು ಕಾಡುವ ಪ್ರಶ್ನೆ ಇದೇ.

2012ರ ಸ್ಟ್ಯಾನ್‌ಫರ್ಡ್ ಪ್ರಯೋಗ ಅದಕ್ಕೆ ಜಾಣ ಉತ್ತರ ಹುಡುಕಿತು. 11 ಜೋಡಿಗಳು ಒಂದು ಸುತ್ತಿನಲ್ಲಿ ಒಟ್ಟಿಗೆ ಗುಂಡಿ ಒತ್ತಬೇಕು, ಇನ್ನೊಂದರಲ್ಲಿ ಪೈಪೋಟಿಗೆ ಬಿದ್ದು ಒತ್ತಬೇಕು. ಹಣೆಗೆ ಅವಗೆಂಪಿನ ಸಮೀಪದ ಬೆಳಕು ಹಾಯಿಸಿ ಮಿದುಳಿನ ಚಟುವಟಿಕೆಯ ಸುಳಿವಾದ ರಕ್ತದ ಆಮ್ಲಜನಕ ಅಳೆದಾಗ, ಸಹಕಾರದ ಸುತ್ತಿನಲ್ಲಿ ಮಾತ್ರ ಹೊಂದಾಣಿಕೆ ಹೆಚ್ಚಿತು, ಅದೂ 3.2ರಿಂದ 12.8 ಸೆಕೆಂಡಿನ ಏರಿಳಿತಗಳಲ್ಲಿ. ಎಚ್ಚರ ಬೇಕಾದದ್ದು ಇಲ್ಲೇ: ಉಸಿರಾಟದ ಸುಮಾರು 4 ಸೆಕೆಂಡಿನ ಲಯವೂ ರಕ್ತದೊತ್ತಡದ ಸುಮಾರು 10 ಸೆಕೆಂಡಿನ ಏರಿಳಿತವೂ ಇದೇ ವ್ಯಾಪ್ತಿಯೊಳಗೆ ಬೀಳುತ್ತವೆ. ಅವನ್ನು ಬೇರೆಯಾಗಿ ಅಳೆದು ಕಳೆಯದಿದ್ದರೆ, ಜೊತೆಯಾಗಿ ಉಸಿರಾಡಿದ್ದನ್ನೇ ಜೊತೆಯಾಗಿ ಯೋಚಿಸಿದ್ದು ಎಂದುಕೊಳ್ಳುತ್ತೇವೆ.

ಇಇಜಿಯಲ್ಲಿ ಗಡಿಯಾರವೇ ಮೋಸ ಮಾಡುತ್ತದೆ. 10 ಹರ್ಟ್ಸ್ (ಸೆಕೆಂಡಿಗೆ 10 ಸುತ್ತು) ಅಲೆಯ ಒಂದು ಸುತ್ತು 100 ಮಿಲಿಸೆಕೆಂಡು. ಎರಡು ಯಂತ್ರಗಳ ನಡುವೆ 50 ಮಿಲಿಸೆಕೆಂಡು ವ್ಯತ್ಯಾಸ ಬಂದರೆ ಏರು ಇಳಿವಾಗುತ್ತದೆ. ಆದ್ದರಿಂದ ಎರಡೂ ಟೋಪಿಗಳನ್ನು ಒಂದೇ ಗಡಿಯಾರಕ್ಕೆ ಕಟ್ಟಬೇಕು. ಬಳಿಕ ಎಂದೂ ಜೊತೆಗೆ ಕೂರದವರ ದತ್ತಾಂಶವನ್ನು ಬೆರೆಸಿ ಹುಸಿ ಜೋಡಿಗಳನ್ನು ಮಾಡಿ ಅದೇ ಲೆಕ್ಕ ಹಾಕಬೇಕು. ಅವುಗಳಲ್ಲೂ ಅಷ್ಟೇ ಹೊಂದಾಣಿಕೆ ಕಂಡರೆ, ಅದು ಬಂದದ್ದು ಎಲ್ಲರೂ ನೋಡಿದ ಒಂದೇ ಪರದೆಯಿಂದ, ಪರಸ್ಪರರಿಂದಲ್ಲ.

2021ರಲ್ಲಿ 174 ಜನರನ್ನು ನಾಲ್ವರ ಗುಂಪುಗಳಲ್ಲಿ ಅಳೆದ ಅಧ್ಯಯನದಲ್ಲಿ, ‘ನಾವು ಒಂದು ತಂಡ’ ಎಂಬ ಅವರವರ ಮಾತಿಗಿಂತ ಮಿದುಳುಗಳ ಹೊಂದಾಣಿಕೆಯೇ ಸಾಧನೆಯ ಉತ್ತಮ ಸುಳಿವಾಯಿತು. ಇದು ಕಾರಣವೋ ಪರಿಣಾಮವೋ ಎಂಬುದನ್ನು ಬರೀ ಅಳತೆ ಹೇಳದು. ಲಯವನ್ನು ಹೊರಗಿನಿಂದ ಕೊಟ್ಟು ನೋಡಬೇಕು. 2017ರಲ್ಲಿ ನೊವೆಂಬ್ರೆ ಎಂಬ ಸಂಶೋಧಕರ ತಂಡ ಅದನ್ನೇ ಮಾಡಿತ್ತು: ಬೆರಳು ಬಡಿಯಲು ಸಜ್ಜಾದ ಇಬ್ಬರ ಮಿದುಳಿಗೂ 20 ಹರ್ಟ್ಸ್‌ನ ಸೌಮ್ಯ ವಿದ್ಯುತ್ತನ್ನು ಏಕಕಾಲಕ್ಕೆ ಹರಿಸಿದಾಗ, ಬಡಿತದ ಆರಂಭದಲ್ಲಿ ಅವರ ತಾಳ ಇನ್ನಷ್ಟು ಕೂಡಿತು.